ನೀರು ಬಿಟ್ಟುಹೋದ ಬಣ್ಣಗಳು: ಮಂಗಳೂರಿನಿಂದ ಪೇಂಟೆಡ್ ಡೆಸರ್ಟ್‌ಗೆ

ಹೊರಡುವ ಮೊದಲು, ಮಂಗಳೂರಿನಲ್ಲಿ

ಅಮೆರಿಕದ ಅರಿಝೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಕೆಂಪು, ನೇರಳೆ, ನೀಲಿ, ಬೂದು ಪಟ್ಟೆಗಳ ಬೋಳುಗುಡ್ಡಗಳು ಕಣ್ಣು ಹಾಯುವವರೆಗೂ ಹಬ್ಬಿವೆ. ಮಳೆ ಕೊರೆದು ಕೊರೆದು ಉಳಿಸಿದ ಈ ನೆಲಕ್ಕೆ ಪೇಂಟೆಡ್ ಡೆಸರ್ಟ್ ಎಂದು ಹೆಸರು. ಅದರ ಒಂದು ಭಾಗ, ಕಲ್ಲಾದ ಮರದ ದಿಮ್ಮಿಗಳ ಸಮೇತ, ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ ಒಳಗಿದೆ. ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದವರು ನನ್ನ ಭಾವ.

ಭಾವ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳ ಚಿಮಣಿಗಳು ಎದ್ದವು. ಈಗ ಹೊಗೆಯಾಡುವವು ಬೆರಳೆಣಿಕೆಯಷ್ಟು. ಆ ಕಾಲದಲ್ಲಿ ಮಣ್ಣು ಹದ ಮಾಡುವುದರಿಂದ ಗೂಡಿನ ಬೆಂಕಿ ಕಾಯುವವರೆಗೆ ಎಲ್ಲ ಕೆಲಸ ಮಾಡಿದವರು ಅವರು. ಫೀನಿಕ್ಸ್‌ನಲ್ಲಿರುವ ಅವರ ಮಗಳು, ಅಂದರೆ ನನ್ನ ಸೊಸೆ, ಕಳಿಸಿದ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, “ಇದು ಬಂಡೆಯಲ್ಲ, ಜೇಡಿಮಣ್ಣು. ಬಿರಿದಿರುವುದನ್ನು ನೋಡು. ಇಷ್ಟು ಬಣ್ಣದ ಜೇಡಿಯನ್ನು ಕೈಯಿಂದ ಮುಟ್ಟಿ ನೋಡಬೇಕು” ಎಂದರು. ಅಲ್ಲಿಗೆ ಹೋಗುವುದು ನಿಶ್ಚಯವಾಯಿತು.

ಯಾವಾಗ ಹೋಗುವುದು ಎಂಬುದಕ್ಕೆ ಮಾತ್ರ ಹಲವು ಸಂಜೆಗಳು ಹಿಡಿದವು. ಮಕ್ಕಳಿಗೆ ರಜೆಯಿರುವ ಏಪ್ರಿಲ್, ಮೇ ನಮಗೆಲ್ಲ ಒಗ್ಗುವ ತಿಂಗಳು. ಆದರೆ ವಸಂತದಲ್ಲಿ ಅಲ್ಲಿ ಬಿರುಗಾಳಿಯ ಕಾಟ. ಜೂನ್ ಬಂದರೆ ನೆರಳಿಲ್ಲದ ಬಿಸಿಲು. ಜುಲೈಯಿಂದ ಸೆಪ್ಟೆಂಬರಿನವರೆಗೆ ಅಲ್ಲಿಗೂ ಮಳೆಗಾಲ. ಗುಡುಗು ಮಿಂಚಿನ ಮಳೆ ಮಧ್ಯಾಹ್ನದ ಮೇಲೆ ಸುರಿದು ಒಣ ಹಳ್ಳಗಳು ಗಳಿಗೆಯಲ್ಲಿ ತುಂಬುತ್ತವೆ. ಚಳಿಗಾಲದಲ್ಲಿ ಹಿಮ ಬೀಳುವುದೂ ಉಂಟು. ಕೊನೆಗೆ ಉಳಿದದ್ದು ಅಕ್ಟೋಬರ್. ನಮ್ಮಲ್ಲಿ ನವರಾತ್ರಿ ಮುಗಿದು ಮಳೆ ಹಿಂದೆಗೆಯುವ ಹೊತ್ತು, ಅಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಚಳಿ. ಈ ಆಯ್ಕೆ ಸರಿಯಾಗಿತ್ತು ಎಂದು ಹೋಗಿ ಬಂದ ಮೇಲೂ ಹೇಳುತ್ತೇನೆ.

ವೀಸಾ, ಟಿಕೆಟ್ ಎಲ್ಲ ಸೊಸೆಯೇ ನೋಡಿಕೊಂಡಳು. ನನ್ನ ಹೆಂಡತಿ ಅವಲಕ್ಕಿ, ಚಟ್ನಿಪುಡಿ, ಹಪ್ಪಳ ಕಟ್ಟಿದಳು. ಹಸಿ ಹಣ್ಣು, ಬೀಜ ಒಯ್ಯುವಂತಿಲ್ಲ, ಒಯ್ದ ತಿಂಡಿಯನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಘೋಷಿಸಿದರೆ ಯಾರೂ ಏನೂ ಅನ್ನುವುದಿಲ್ಲ.

ಬುಧವಾರ: ಫೀನಿಕ್ಸ್‌ನಿಂದ ಹೋಲ್‌ಬ್ರೂಕ್‌ಗೆ

ಸೊಸೆ ಕಾರು ಚಲಾಯಿಸಿದಳು. ಹೆದ್ದಾರಿಯಲ್ಲಿ ಫ್ಲ್ಯಾಗ್‌ಸ್ಟಾಫ್ ಸುತ್ತಿ ಹೋಗುವುದಕ್ಕಿಂತ ಪೇಸನ್, ಹೀಬರ್ ಊರುಗಳ ಮೂಲಕ ಹೋಗುವ ದಾರಿ ಚೆನ್ನ ಎಂದು ಅವಳ ಅಭಿಪ್ರಾಯ. ಮೂರೂವರೆ ಗಂಟೆಯ ಆ ದಾರಿಯಲ್ಲಿ ನೋಡಿದ್ದನ್ನು ಮರೆಯುವುದು ಕಷ್ಟ. ಊರು ಬಿಟ್ಟ ಕೂಡಲೇ ಕೈ ಎತ್ತಿ ನಿಂತ ಸಗುವಾರೊ ಕಳ್ಳಿಗಳು ಗುಡ್ಡದ ತುಂಬ. ರಸ್ತೆ ಏರಿದಂತೆ ಅವು ವಿರಳವಾಗಿ, ಒಂದು ತಿರುವಿನ ಆಚೆ ಒಂದೂ ಕಾಣಲಿಲ್ಲ. ಚಳಿಯನ್ನು ಅವು ತಾಳುವುದಿಲ್ಲವಂತೆ. ಪೇಸನ್ ದಾಟಿದರೆ ಪೈನ್ ಕಾಡು. ಮೊಗಯಾನ್ ರಿಮ್ ಎಂಬ ಉದ್ದನೆಯ ಕಡಿದಾದ ಅಂಚನ್ನು ಹತ್ತುವಾಗ ಚಾರ್ಮಾಡಿಯ ನೆನಪಾಗದ ಕರಾವಳಿಯವರು ಯಾರೂ ಇರಲಾರರು. ಆದರೆ ಘಟ್ಟ ಹತ್ತಿದ ಮೇಲೆ ಮೂಡಿಗೆರೆಯ ಹಸಿರು ಕಾಣಿಸುವ ಬದಲು ಕಾಡು ಮೆಲ್ಲನೆ ತೆಳುವಾಗುತ್ತದೆ. ಪೈನ್ ಹೋಗಿ ಮೋಟು ಜೂನಿಪರ್ ಪೊದೆಗಳು, ಅವೂ ಹೋಗಿ ಹಳದಿ ಹುಲ್ಲು, ಹುಲ್ಲು ಹೋಗಿ ಬರಿ ನೆಲ. ಹೀಬರ್‌ನಿಂದ ಹೋಲ್‌ಬ್ರೂಕ್‌ವರೆಗಿನ ರಸ್ತೆಯಲ್ಲಿ ಎದುರು ಬಂದ ವಾಹನಗಳು ಕಡಿಮೆ. ಪೆಟ್ರೋಲನ್ನು ಹೀಬರಿನಲ್ಲೇ ತುಂಬಿಸಿಕೊಂಡದ್ದು ಒಳ್ಳೆಯದಾಯಿತು.

ಆ ಪೆಟ್ರೋಲ್ ಬಂಕಿನಲ್ಲಿ ಕುರಿಚರ್ಮದ ಕೋಟು ತೊಟ್ಟ ಮುದುಕರೊಬ್ಬರು ನಾವು ಎಲ್ಲಿಯವರೆಂದು ಕೇಳಿದರು. ಸೊಸೆ ಮಂಗಳೂರು ಎಂದಳು. ಸಮುದ್ರ ಎಷ್ಟು ದೂರ ಎಂದು ಅವರ ಮುಂದಿನ ಪ್ರಶ್ನೆ. ಮನೆಯಿಂದ ಅಲೆಯ ಸದ್ದು ಕೇಳಿಸುತ್ತದೆ ಎಂದೆ. ಅವರು ತಲೆಯಾಡಿಸಿ, “ಹಾಗಾದರೆ ನೀರು ಕುಡಿಯುವುದನ್ನು ಮರೆಯಬೇಡಿ. ಇಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಗಾಳಿ ಅದನ್ನು ಕುಡಿದುಬಿಟ್ಟಿರುತ್ತದೆ” ಎಂದರು. ಇಡೀ ಪ್ರವಾಸದಲ್ಲಿ ಸಿಕ್ಕ ಅತ್ಯುತ್ತಮ ಸಲಹೆ ಅದು. ಮಂಗಳೂರಿನಲ್ಲಿ ಅಂಗಿ ಒದ್ದೆಯಾದಾಗ ಬಾಯಾರಿಕೆ ನೆನಪಾಗುತ್ತದೆ. ಅಲ್ಲಿ ಅಂಗಿ ಗರಿಗರಿಯಾಗಿಯೇ ಇರುತ್ತದೆ, ತಲೆ ಮಾತ್ರ ಸಿಡಿಯಲು ತೊಡಗುತ್ತದೆ.

ಉದ್ಯಾನದ ಒಳಗೆ ತಂಗುವ ವ್ಯವಸ್ಥೆ ಇಲ್ಲ. ಬೆನ್ನಿಗೆ ಗುಡಾರ ಹೊತ್ತು ಬಯಲಿಗೆ ಹೋಗುವವರಿಗೆ ಪರವಾನಗಿ ಕೊಡುತ್ತಾರೆ, ನಮ್ಮಂಥವರಿಗೆ ಹೋಲ್‌ಬ್ರೂಕೇ ಗತಿ. ಹಳೆಯ ರೂಟ್ 66 ರಸ್ತೆಯ ಊರು ಅದು. ಕಾಂಕ್ರೀಟಿನ ಗುಡಾರಗಳ ಆಕಾರದ ಕೋಣೆಗಳಿರುವ ವಿಗ್‌ವಾಮ್ ಮೋಟೆಲನ್ನು ನೋಡಲೆಂದೇ ಜನ ಕಾರು ನಿಲ್ಲಿಸುತ್ತಾರೆ. ನಾವು ಇಳಿದದ್ದು ಸಾಧಾರಣ ವಸತಿಗೃಹವೊಂದರಲ್ಲಿ. ರೈಲು ಹಳಿ ಹತ್ತಿರವೇ ಇತ್ತು. ರಾತ್ರಿಯಿಡೀ ಗೂಡ್ಸ್ ರೈಲುಗಳು, ಒಂದೊಂದರ ಬಾಲ ಮುಗಿಯುವಷ್ಟರಲ್ಲಿ ಇನ್ನೊಂದರ ಕೂಗು. ಹಳಿಗೆ ಬೆನ್ನು ಹಾಕಿದ ಕೋಣೆ ಕೇಳಿದರೆ ನಿದ್ದೆ ಬಂದೀತು.

ಊಟಕ್ಕೆ ಮೆಕ್ಸಿಕನ್ ಹೋಟೆಲು. ಸಸ್ಯಾಹಾರಿಗಳು ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬೀನ್ಸನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿದ್ದೀರಾ? ಇಲ್ಲ ಎಂದರೆ ಬೀನ್ಸ್, ಅನ್ನ, ಜೋಳದ ರೊಟ್ಟಿ, ಹಸಿಮೆಣಸಿನ ಗೊಜ್ಜು ಸೇರಿ ಹೊಟ್ಟೆತುಂಬ ಊಟ. ಭಾವ ಚಟ್ನಿಪುಡಿಯ ಡಬ್ಬಿ ತೆಗೆದರು. ಬಡಿಸುವ ಹುಡುಗಿ ಕುತೂಹಲದಿಂದ ನೋಡಿದಳೆಂದು ಅವಳಿಗೂ ಒಂದು ಚಮಚ ಕೊಟ್ಟರು. ಅವಳು ಅಡುಗೆಮನೆಯಿಂದ ಅಮ್ಮನನ್ನು ಕರೆದುಕೊಂಡು ಬಂದಳು, ಆಕೆಗೂ ಒಂದು ಚಮಚ ಹೋಯಿತು.

ಮಲಗುವ ಮುಂಚೆ ಒಡೆದ ತುಟಿಗೆ ತೆಂಗಿನೆಣ್ಣೆ ಹಚ್ಚೋಣವೆಂದರೆ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕೆರೆದು ಹಚ್ಚಿಕೊಂಡೆವು. ಒಣಗಾಳಿಗೆ ಅದಕ್ಕಿಂತ ಒಳ್ಳೆಯ ಮದ್ದು ಆ ಊರಿನ ಅಂಗಡಿಯಲ್ಲಿ ಸಿಗಲಿಲ್ಲ.

ಗುರುವಾರ: ಕಲ್ಲಾದ ಕಾಡು, ನೀಲಿ ಗುಡ್ಡ

ಉದ್ಯಾನಕ್ಕೆ ಎರಡು ಬಾಗಿಲು. ದಕ್ಷಿಣದ್ದು 180ನೇ ಹೆದ್ದಾರಿಯಲ್ಲಿ, ಉತ್ತರದ್ದು 40ನೇ ಹೆದ್ದಾರಿಯಲ್ಲಿ. ನಡುವೆ 45 ಕಿಲೋಮೀಟರ್ ಉದ್ದದ ಒಂದೇ ರಸ್ತೆ. ಕಾರೊಂದಕ್ಕೆ 25 ಡಾಲರಿನ ಚೀಟಿ ಏಳು ದಿನ ನಡೆಯುತ್ತದೆ. ಆದ್ದರಿಂದ ಇಡೀ ಉದ್ಯಾನವನ್ನು ಒಂದೇ ಹಗಲಿನಲ್ಲಿ ಓಡಿ ಮುಗಿಸುವ ಅಗತ್ಯವಿಲ್ಲ. ದಕ್ಷಿಣವನ್ನು ಒಂದು ದಿನ, ಉತ್ತರವನ್ನು ಇನ್ನೊಂದು ದಿನ ನೋಡುವುದೆಂದು ಮಂಗಳೂರಿನಲ್ಲೇ ಗೊತ್ತುಮಾಡಿಕೊಂಡಿದ್ದೆವು. ಬಾಗಿಲು ತೆರೆಯುವುದು ಬೆಳಗ್ಗೆ ಎಂಟಕ್ಕೆ. ಒಳಗೆ ಕುಡಿಯುವ ನೀರು ಎರಡು ತುದಿಯ ಕೇಂದ್ರಗಳ ಬಳಿ ಮಾತ್ರ ಸುಲಭವಾಗಿ ಸಿಗುವುದರಿಂದ ಡಬ್ಬಿಗಟ್ಟಲೆ ತುಂಬಿಕೊಂಡು ಹೊರಟೆವು.

ದಕ್ಷಿಣ ಬಾಗಿಲ ಬಳಿಯ ವಸ್ತುಸಂಗ್ರಹಾಲಯದ ಹಿಂದೆಯೇ ದೈತ್ಯ ದಿಮ್ಮಿಗಳ ಕಾಲುದಾರಿ. ಓಲ್ಡ್ ಫೇತ್‌ಫುಲ್ ಎಂದು ಕರೆಯುವ ದಿಮ್ಮಿಯ ಬುಡ ಹತ್ತಡಿಯ ಹತ್ತಿರ ಅಗಲ. ದೂರದಿಂದ ನೋಡಿದರೆ ಸಾಮಿಲ್ಲಿನ ಅಂಗಳದಲ್ಲಿ ಬಿದ್ದ ಮರವೇ. ತೊಗಟೆಯ ಗೀರು, ಗಂಟು, ಬೇರಿನ ಉಬ್ಬು ಎಲ್ಲವೂ ಇವೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಕಡಿದ ಮುಖದಲ್ಲಿ ಕುಂಕುಮ, ಸಾಸಿವೆ, ಕಪ್ಪು, ಹಾಲುಬಿಳಿ ಬಣ್ಣಗಳು ಒಂದರೊಳಗೊಂದು ಇಳಿದಿವೆ. ಅಂಗೈ ಇಟ್ಟೆ. ಬಿಸಿಲಿನಲ್ಲಿದ್ದರೂ ಗಾಜಿನ ಹಾಗೆ ತಣ್ಣಗಿತ್ತು.

20 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಹೊಳೆಗಳು ಹರಿಯುತ್ತಿದ್ದವು. ಆಗ ಭೂಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ಮಹಾಖಂಡವಾಗಿ ಕೂಡಿಕೊಂಡಿದ್ದವು. ಈ ನೆಲ ಸಮಭಾಜಕ ವೃತ್ತಕ್ಕೆ ಹತ್ತಿರ, ಮುಂಗಾರಿನಂಥ ಮಳೆ ಬೀಳುವ ಜಾಗದಲ್ಲಿತ್ತು. ಹೊಳೆಯ ನೆರೆಯಲ್ಲಿ ಕೊಚ್ಚಿಬಂದ ಮರಗಳು ಕೆಸರಿನಲ್ಲಿ ಹೂತವು. ಕೆಸರಿನ ಜೊತೆ ಜ್ವಾಲಾಮುಖಿಯ ಬೂದಿ ಬೆರೆತಿತ್ತು. ಬೂದಿಯಲ್ಲಿದ್ದ ಸಿಲಿಕಾ ನೀರಿನಲ್ಲಿ ಕರಗಿ ಮರದ ಒಳಗಿಳಿದು, ಕೊಳೆಯಬೇಕಾದ ನಾರಿನ ಜಾಗದಲ್ಲಿ ಸ್ಫಟಿಕವಾಗಿ ಕೂತಿತು. ಕೆಂಪು, ಹಳದಿ, ಕಂದು ಬಣ್ಣ ಕಬ್ಬಿಣದ ಅಂಶದಿಂದ. ಕಪ್ಪು, ನೇರಳೆಗೆ ಮ್ಯಾಂಗನೀಸ್ ಕಾರಣ. ಒಂದು ಘನ ಅಡಿಯ ತುಂಡು 70 ಕಿಲೋಗೂ ಹೆಚ್ಚು ತೂಗುತ್ತದೆ.

ನನಗೆ ನಮ್ಮ ಮುರಕಲ್ಲು ನೆನಪಾಯಿತು. ಕರಾವಳಿಯ ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು ತೊಳೆದು ಸಿಲಿಕಾವನ್ನು ಒಯ್ದುಬಿಡುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಕೆಂಪುಕಲ್ಲು ಆಗುತ್ತದೆ. ನಮ್ಮ ಮನೆಯ ಗೋಡೆ ನೀರು ಒಯ್ದ ಮೇಲೆ ಉಳಿದದ್ದು. ಈ ದಿಮ್ಮಿ ನೀರು ತಂದು ಇಟ್ಟದ್ದು. ಇದನ್ನು ಭಾವನಿಗೆ ಹೇಳಿದಾಗ ಅವರು ದಿಮ್ಮಿಯ ಸುತ್ತ ಮತ್ತೊಂದು ಸುತ್ತು ಬಂದರು.

ದಿಮ್ಮಿಗಳೆಲ್ಲ ಗರಗಸದಿಂದ ಕೊಯ್ದಂತೆ ತುಂಡಾಗಿವೆ. ಯಾರು ಕೊಯ್ದರು ಎಂದು ಎಲ್ಲರೂ ಕೇಳುತ್ತಾರಂತೆ. ಯಾರೂ ಅಲ್ಲ. ಕೊಲರಾಡೊ ಪ್ರಸ್ಥಭೂಮಿ ಮೇಲೇಳುವಾಗಿನ ಒತ್ತಡಕ್ಕೆ ಬಾಗಲಾರದ ಸ್ಫಟಿಕ ಅಡ್ಡಡ್ಡ ಮುರಿಯಿತು. ಮನುಷ್ಯರು ಮಾಡಿದ ಹಾನಿ ಬೇರೆಯೇ ಇದೆ. ಹರಳಿನ ಆಸೆಗೆ ದಿಮ್ಮಿಗಳನ್ನು ಸಿಡಿಮದ್ದು ಇಟ್ಟು ಒಡೆದರು, ಗಾಡಿಗಟ್ಟಲೆ ಸಾಗಿಸಿದರು. 1906ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು, 1962ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಬೆರಳಿನಷ್ಟು ಚೂರು ಎತ್ತಿಕೊಂಡರೂ ಅಪರಾಧ. ಎತ್ತಿಕೊಂಡು ಹೋದ ಎಷ್ಟೋ ಮಂದಿ ಮನಸ್ಸು ತಡೆಯದೆ ಕ್ಷಮೆಯ ಕಾಗದದೊಂದಿಗೆ ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಆದರೆ ಯಾವ ಕಲ್ಲು ಯಾವ ಜಾಗದ್ದೆಂದು ತಿಳಿಯದೆ ಮತ್ತೆ ಬಯಲಿನಲ್ಲಿ ಇಡುವಂತಿಲ್ಲ. ಅವನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದಾರೆ. ಆ ರಾಶಿಯ ಮಾತು ಕೇಳಿ ನನ್ನ ಹೆಂಡತಿಗೆ ಬಹಳ ಬೇಸರವಾಯಿತು. ಕಲ್ಲಿಗೂ ತನ್ನ ಜಾಗ ತಪ್ಪಿಹೋದರೆ ಹಿಂದೆ ಹೋಗಲು ದಾರಿಯಿಲ್ಲವಲ್ಲ ಎಂದಳು. ನೆನಪಿಗೆ ಬೇಕೆಂದರೆ ಹೋಲ್‌ಬ್ರೂಕಿನ ಅಂಗಡಿಗಳಲ್ಲಿ ಖಾಸಗಿ ಜಮೀನಿನಿಂದ ತೆಗೆದ ಕಲ್ಲುಗಳನ್ನು ಮಾರುತ್ತಾರೆ. ಕೊಂಡ ರಸೀದಿಯನ್ನು ಇಟ್ಟುಕೊಳ್ಳುವುದು ಕ್ಷೇಮ.

ಮಧ್ಯಾಹ್ನ ಬ್ಲೂ ಮೇಸಾ. ಮುಖ್ಯ ರಸ್ತೆಯಿಂದ ಕವಲೊಡೆದು ಗುಡ್ಡದ ನೆತ್ತಿಗೆ ಹೋಗುವ ದಾರಿ. ಅಲ್ಲಿಂದ ಒಂದು ಮೈಲಿಯ ಕಾಲುದಾರಿ ಕಡಿದಾಗಿ ಕೆಳಗಿಳಿಯುತ್ತದೆ. ಮೇಲಿನಿಂದ ನೋಡುವುದೇ ಸಾಕೆಂದು ಬಹಳ ಜನ ಕಾರಿನತ್ತ ತಿರುಗುತ್ತಾರೆ. ದಯವಿಟ್ಟು ಇಳಿಯಿರಿ. ಮೇಲಿನಿಂದ ಕಾಣುವುದು ನೋಟ, ಕೆಳಗೆ ಇಳಿದರೆ ಆ ಬಣ್ಣಗಳ ನಡುವೆ ನಾವಿರುತ್ತೇವೆ. ಎರಡೂ ಬದಿಗೆ ನೀಲಿಬೂದು ಗುಡ್ಡ, ಅದರ ಮೇಲೆ ನೇರಳೆ ಪಟ್ಟೆ, ಮತ್ತೆ ಬೂದು, ಮತ್ತೆ ಬಿಳಿ. ಹುಲ್ಲಿನ ಎಸಳಿಲ್ಲ. ಮೇಲಿನ ಗಟ್ಟಿ ಪದರಿನಿಂದ ಕಳಚಿದ ಕಲ್ಲುಮರದ ತುಂಡುಗಳು ಇಳಿಜಾರಿನಲ್ಲಿ ಉರುಳುತ್ತ ನಡುವೆ ನಿಂತಿವೆ. ಮಳೆ ಅವುಗಳ ಕೆಳಗಿನ ಮಣ್ಣನ್ನು ಕೊರೆದಂತೆ ಮತ್ತಷ್ಟು ಜಾರುತ್ತವೆ.

ಭಾವ ದಾರಿಯ ಅಂಚಿನಲ್ಲಿ ಮೊಣಕಾಲೂರಿದರು. ಗುಡ್ಡದ ಚರ್ಮ ನಯವಾಗಿಲ್ಲ. ಅವರೆಕಾಳಿನಷ್ಟು ದಪ್ಪದ ಹೆಪ್ಪುಗಳು ಒತ್ತೊತ್ತಾಗಿ ಎದ್ದು, ನಡುವೆ ಬೆರಳು ಹೋಗುವಷ್ಟು ಬಿರುಕುಗಳು. ಒಂದು ಹೆಪ್ಪನ್ನು ಇದ್ದಲ್ಲೇ ಬೆರಳಿನಿಂದ ಒತ್ತಿದರು. ಅದು ಪುಡಿಯಾಗಿ ಕೂತಿತು. ಪುಡಿಯ ಮೇಲೆ ಕುಡಿಯುವ ನೀರು ಎರಡು ಹನಿ ಬಿಟ್ಟರು. ಹನಿ ಇಂಗಲಿಲ್ಲ, ಸುತ್ತಲಿನ ಪುಡಿ ಮೆಲ್ಲಗೆ ಉಬ್ಬಿ ಹನಿಯನ್ನು ಹಿಡಿದುಕೊಂಡಿತು. ಬೆರಳಿನಿಂದ ಉಜ್ಜಿದರೆ ಸಾಬೂನಿನ ಜಿಡ್ಡು. “ತುಂಬ ಕೊಬ್ಬಿದ ಮಣ್ಣು. ಇದರಲ್ಲಿ ಹಂಚು ಒತ್ತಿದರೆ ಗೂಡಿಗೆ ಹೋಗುವ ಮುಂಚೆ ಒಣಗುವಾಗಲೇ ಸೀಳುತ್ತದೆ. ಅರ್ಧಕ್ಕೆ ಅರ್ಧ ಮರಳು ಮಣ್ಣು ಬೆರೆಸಬೇಕು” ಎಂದರು. ಅದು ಜ್ವಾಲಾಮುಖಿಯ ಬೂದಿಯಿಂದ ಆದ ಬೆಂಟೊನೈಟ್ ಜೇಡಿ. ನೀರು ಕುಡಿದಾಗ ಹಲವು ಪಟ್ಟು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೀಗೆ ಸದಾ ಅಲುಗಾಡುವ ನೆಲದಲ್ಲಿ ಬೇರು ಹಿಡಿಯುವುದು ಹೇಗೆ? ಗಿಡವಿಲ್ಲದ್ದಕ್ಕೆ ಮಳೆ ನೇರ ಮಣ್ಣಿಗೇ ಹೊಡೆಯುತ್ತದೆ.

ಅದೇ ಹೊತ್ತಿಗೆ ರೇಂಜರ್ ತರುಣಿಯೊಬ್ಬಳು ಆ ದಾರಿಯಾಗಿ ಬಂದಳು. ಒಂದೇ ಗುಡ್ಡದಲ್ಲಿ ಇಷ್ಟು ಬಣ್ಣ ಯಾಕೆ ಎಂದು ಸೊಸೆ ಕೇಳಿದಳು. ಅವಳು ನಿಂತು ವಿವರಿಸಿದಳು: ಆಗಾಗ ಒಣಗಿ ಗಾಳಿಯಾಡುತ್ತಿದ್ದ ಮಣ್ಣಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಜೌಗಿನಲ್ಲಿ ಸದಾ ನೀರಿನಡಿ ಇದ್ದ ಮಣ್ಣಿಗೆ ಗಾಳಿ ತಾಗದೆ ಅದು ನೀಲಿ, ಬೂದು ಆಗಿಯೇ ಉಳಿಯಿತು. ಒಂದೊಂದು ಪಟ್ಟೆಯೂ ಆ ಕಾಲದಲ್ಲಿ ನೀರು ಎಲ್ಲಿ ನಿಂತಿತ್ತು, ಎಲ್ಲಿ ಇಳಿದಿತ್ತು ಎಂಬುದರ ಗುರುತು.

ಭಾವನ ಮುಖ ಅರಳಿದ್ದನ್ನು ನಾನು ಎಂದೂ ಮರೆಯಲಾರೆ. “ಅವಳಿಗೆ ಹೇಳು” ಎಂದು ಮಗಳ ಕೈ ಹಿಡಿದರು. “ನಾವು ಹಂಚಿಗೆ ಮಣ್ಣು ತೆಗೆಯುತ್ತಿದ್ದದ್ದು ಹೊಳೆ ಬದಿಯ ಗದ್ದೆಯ ಅಡಿಯಿಂದ. ಬೂದು ಬಣ್ಣ, ಕೆಲವು ಕಡೆ ಇದೇ ನೀಲಿ. ಗೂಡಿನಿಂದ ಹೊರಗೆ ಬರುವಾಗ ಕೆಂಪು. ಹೊಸ ಹುಡುಗರು ಬಣ್ಣ ಯಾವಾಗ ಹಾಕಿದಿರಿ ಎಂದು ಕೇಳುತ್ತಿದ್ದರು. ಬಣ್ಣ ಹಾಕುವುದಿಲ್ಲ, ಅದು ಒಳಗೇ ಇತ್ತು, ಬೆಂಕಿ ಮತ್ತು ಗಾಳಿ ಹೊರಗೆ ತಂದವು ಎನ್ನುತ್ತಿದ್ದೆ.” ಸೊಸೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವವರೆಗೆ ಆ ತರುಣಿ ಟೊಪ್ಪಿ ಕೈಯಲ್ಲಿ ಹಿಡಿದು ಕೇಳಿದಳು. ಆಮೇಲೆ ಗೂಡಿನ ಉಷ್ಣತೆ ಎಷ್ಟು, ಎಷ್ಟು ದಿನ ಸುಡುತ್ತೀರಿ ಎಂದು ಅವಳೇ ಪ್ರಶ್ನೆಗಳನ್ನು ಕೇಳಲು ತೊಡಗಿದಳು. ನೇತ್ರಾವತಿಯ ಗದ್ದೆಯೂ ಈ ನೀಲಿ ಗುಡ್ಡವೂ ಒಂದೇ ಕಬ್ಬಿಣದ ಎರಡು ಅವಸ್ಥೆ ಎಂಬುದನ್ನು ಅರಿಯಲು ನಾನು ಭೂಗೋಳದ ಅರ್ಧ ಸುತ್ತು ಬರಬೇಕಾಯಿತು. ಭಾವನಿಗೆ ಅದು ಕೈಯಲ್ಲೇ ಇತ್ತು.

ಹತ್ತುವಾಗ ಭಾವನ ಬಲಗಾಲಿನ ಶೂವಿನ ಅಟ್ಟೆ ಇದ್ದಕ್ಕಿದ್ದಂತೆ ಕಳಚಿ ಬಾಯಿ ತೆರೆಯಿತು. ಹತ್ತು ಹೆಜ್ಜೆಗೆ ಎಡಗಾಲಿನದೂ. ಶೂ ಹೊಸದು, ಆದರೆ ಎರಡು ಮಳೆಗಾಲ ಕಪಾಟಿನಲ್ಲಿ ಕೂತದ್ದು. ನಮ್ಮ ಕರಾವಳಿಯ ತೇವ ಅಂಥ ಅಟ್ಟೆಯನ್ನು ಒಳಗಿಂದಲೇ ಪುಡಿ ಮಾಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ರೇಂಜರ್ ತನ್ನ ಚೀಲದಿಂದ ಬೂದು ಬಣ್ಣದ ಅಗಲ ಟೇಪು ತೆಗೆದು ಎರಡೂ ಶೂಗಳಿಗೆ ತಾನೇ ಸುತ್ತಿಕೊಟ್ಟಳು. ಮಂಗಳೂರು, ಉಡುಪಿ ಕಡೆಯಿಂದ ಹೊರಡುವವರು ಎತ್ತಿಟ್ಟ ಶೂವನ್ನು ಒಂದು ವಾರ ಮೊದಲೇ ಹಾಕಿಕೊಂಡು ಕದ್ರಿ ಗುಡ್ಡವನ್ನಾದರೂ ಹತ್ತಿ ಇಳಿಯಬೇಕು.

ಶುಕ್ರವಾರ: ಮಳೆಯ ಮರುದಿನ, ಉತ್ತರದ ಬಯಲು

ರಾತ್ರಿ ಮಳೆ ಬಂತು. ನಮ್ಮ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ, ಅಂಗಳ ನೆನೆಯುವಷ್ಟು. ಆದರೆ ಆ ಬಯಲಿಗೆ ವರ್ಷಕ್ಕೆ ಬೀಳುವುದೇ ಸುಮಾರು 250 ಮಿಲಿಮೀಟರ್. ಉಡುಪಿಯಲ್ಲಿ ಜುಲೈ ತಿಂಗಳ ಒಂದು ಜೋರು ವಾರಕ್ಕೆ ಅಷ್ಟಾಗುತ್ತದೆ. ಉತ್ತರ ಬಾಗಿಲಿನಿಂದ ಒಳಹೊಕ್ಕು ಮೊದಲ ನೋಟದ ಜಾಗದಲ್ಲಿ ಕಾರಿನಿಂದ ಇಳಿದಾಗ ಮಾತು ಹೊರಡಲಿಲ್ಲ. ಚಿತ್ರಗಳಲ್ಲಿ ನೋಡಿದ್ದ ಮಾಸಲು ಗುಲಾಬಿ ಅಲ್ಲಿರಲಿಲ್ಲ. ತೇವಕ್ಕೆ ಕೆಂಪು ಗಾಢವಾಗಿ, ಒಂದೊಂದು ಗುಡ್ಡವೂ ಗೂಡಿನಿಂದ ಆಗ ತೆಗೆದಂತೆ ಉರಿಯುತ್ತಿತ್ತು. ಮೋಡದ ನೆರಳು ಬಯಲಿನ ಮೇಲೆ ಓಡುವಾಗ ಬಣ್ಣ ಕಂದುತ್ತಿತ್ತು, ನೆರಳು ದಾಟಿದೊಡನೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬೆಳಗ್ಗೆ ಹತ್ತು ಗಂಟೆಯೊಳಗೆ ಗಾಳಿ ಎಲ್ಲವನ್ನೂ ಒಣಗಿಸಿತು, ಕೆಂಪು ಮೆಲ್ಲನೆ ತಿಳಿಯಾಯಿತು. ರಾತ್ರಿ ಮಳೆ ಬಂದರೆ ಬೇಸರಿಸದೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಸಂಜೆಯ ಬೆಳಕಿಗೆ ಕಾಯುವವರು ಮೊದಲೇ ಮುಚ್ಚುವ ವೇಳೆ ವಿಚಾರಿಸಬೇಕು. ನಾವು ಹೋದಾಗ ಸೂರ್ಯ ಮುಳುಗುವ ಮುನ್ನವೇ ಹೊರಗೆ ಕಳಿಸುತ್ತಿದ್ದರು.

ಕಚೀನಾ ಪಾಯಿಂಟಿನಿಂದ ಬಯಲಿಗೆ ಇಳಿಯುವ ದಾರಿಯಿದೆ. ಭಾವನಿಗೆ ಇಳಿಯುವ ಆಸೆ. ಕಾವಲಿಗಿದ್ದ ಹಿರಿಯ ಸ್ವಯಂಸೇವಕರು ತಡೆದರು. ಒದ್ದೆ ಬೆಂಟೊನೈಟ್ ಎಣ್ಣೆ ಚೆಲ್ಲಿದ ನೆಲಕ್ಕಿಂತ ಜಾರು, ಅಂಟಿಕೊಂಡರೆ ಒಂದೊಂದು ಕಾಲೂ ಎತ್ತಲಾರದಷ್ಟು ಭಾರ ಎಂದರು. ಭಾವ ಮರುಮಾತಿಲ್ಲದೆ ಒಪ್ಪಿದರು. ಮಣ್ಣು ತುಳಿದು ಬದುಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹತ್ತಿರದಲ್ಲೇ ಪೇಂಟೆಡ್ ಡೆಸರ್ಟ್ ಇನ್ ಎಂಬ ಹಳೆಯ ಛತ್ರದಂಥ ಕಟ್ಟಡ, ಈಗ ವಸ್ತುಸಂಗ್ರಹಾಲಯ. ಮೊದಲು ಕಲ್ಲುಮರದ ತುಂಡುಗಳಿಂದಲೇ ಕಟ್ಟಿದ್ದರಂತೆ. 1930ರ ದಶಕದ ಕೊನೆಯಲ್ಲಿ ಮಣ್ಣಿನ ಬಣ್ಣದ ದಪ್ಪ ಗೋಡೆಗಳ ಈಗಿನ ರೂಪ ಕೊಟ್ಟರು. ಒಳಗಿನ ಗೋಡೆಗಳ ಮೇಲೆ ಹೋಪಿ ಎಂಬ ಮೂಲನಿವಾಸಿ ಸಮುದಾಯದ ಕಲಾವಿದ ಫ್ರೆಡ್ ಕಬೋಟಿ 1940ರ ದಶಕದ ಕೊನೆಯಲ್ಲಿ ಬರೆದ ಚಿತ್ರಗಳಿವೆ. ಒಂದರಲ್ಲಿ ಹೋಪಿ ತರುಣರು ಉಪ್ಪು ತರಲು ಝೂನಿ ಉಪ್ಪಿನ ಕೆರೆಗೆ ಹೊರಟಿದ್ದಾರೆ. ಉಪ್ಪಿಗಾಗಿ ಅಷ್ಟು ದೂರ ಕಷ್ಟಪಟ್ಟು ನಡೆದು, ಅದನ್ನು ದೇವರ ಕೆಲಸದಂತೆ ಮಾಡಿದ ಜನರ ಚಿತ್ರವನ್ನು ಸಮುದ್ರದ ಬದಿಯಲ್ಲಿ ಹುಟ್ಟಿದ ನಾನು ಬಹಳ ಹೊತ್ತು ನೋಡಿದೆ. ಕಿಟಕಿಯಿಂದ ಹೊರಗೆ ಅದೇ ಕೆಂಪು ಬಯಲು.

ಊಟಕ್ಕೆ ಚಿಂಡೆ ಪಾಯಿಂಟಿನ ಚಪ್ಪರದಡಿ ಅವಲಕ್ಕಿ ಮೊಸರು. ಗಾಳಿ ಹಾಳೆತಟ್ಟೆಯಷ್ಟು ಹಗುರವಾದ ನಮ್ಮ ತಟ್ಟೆಗಳನ್ನು ಎತ್ತಿಕೊಂಡು ಹೋಗದಂತೆ ಒಬ್ಬರ ಕೈ ತಟ್ಟೆಯ ಮೇಲೆ ಇರಲೇಬೇಕಾಯಿತು. ಇದೇ ಆಸುಪಾಸಿನ ಬಯಲಿನಲ್ಲಿ 1980ರ ದಶಕದಲ್ಲಿ ಸಿಕ್ಕ ಪುಟ್ಟ ಡೈನೊಸಾರ್ ಒಂದರ ಪಳೆಯುಳಿಕೆಗೆ ಚಿಂಡೆಸಾರಸ್ ಎಂದು ಹೆಸರಿಟ್ಟಿದ್ದಾರೆ.

ಅಲ್ಲಿಂದ ದಕ್ಷಿಣಕ್ಕೆ ತಿರುಗಿದೆವು. ಹಳೆಯ ರೂಟ್ 66 ಹಾದುಹೋದ ಜಾಗದಲ್ಲಿ ತುಕ್ಕು ಹಿಡಿದ 1932ರ ಸ್ಟುಡಿಬೇಕರ್ ಕಾರು, ಅದರಾಚೆ ತಂತಿಯಿಲ್ಲದ ಟೆಲಿಗ್ರಾಫ್ ಕಂಬಗಳ ಸಾಲು. ಹೆದ್ದಾರಿ ದಾಟಿ ಮುಂದೆ ಹೋದರೆ ಪ್ಯುರ್ಕೊ ಹೊಳೆಯ ದಂಡೆಯಲ್ಲಿ ಸುಮಾರು 700 ವರ್ಷಗಳ ಹಿಂದೆ ಜನ ಬಾಳಿದ ನೂರು ಕೋಣೆಗಳ ಹಳ್ಳಿಯ ಬುನಾದಿ. ಪಕ್ಕದ ಬಂಡೆಗಳ ಮೇಲೆ ಕೊಕ್ಕರೆ, ಹೆಜ್ಜೆಗುರುತು, ಸುರುಳಿ. ಒಂದು ಸುರುಳಿಯ ಮೇಲೆ ಬೇಸಗೆಯ ದೀರ್ಘ ಹಗಲಿನ ಬೆಳಗ್ಗೆ ಸೂರ್ಯನ ಕಿರಣ ಸರಿಯಾಗಿ ಬಂದು ನಿಲ್ಲುತ್ತದೆ. ಸ್ವಲ್ಪ ಮುಂದೆ ನ್ಯೂಸ್‌ಪೇಪರ್ ರಾಕ್ ಎಂಬ ಬಂಡೆಗಳಲ್ಲಿ 650ಕ್ಕೂ ಹೆಚ್ಚು ಕೆತ್ತನೆಗಳಿವೆ. ಅಲ್ಲಿಗೆ ಇಳಿಯಲು ಬಿಡುವುದಿಲ್ಲ, ಮೇಲಿನಿಂದ ದುರ್ಬೀನಿನಲ್ಲಿ ನೋಡಬೇಕು. ಸ್ವಂತದ್ದೊಂದು ಇದ್ದರೆ ಸರದಿ ಕಾಯುವ ಕೆಲಸ ತಪ್ಪುತ್ತದೆ.

ಹೊಳೆಯಲ್ಲಿ ನೀರಿರಲಿಲ್ಲ. ರಾತ್ರಿಯ ಮಳೆಗೆ ನಡುವೆ ಒಂದು ಕೆಂಪು ಗೆರೆ ಹರಿದು ಹೋದ ಗುರುತು, ಅದರ ಮೇಲೆ ಆಗಲೇ ಸಿಪ್ಪೆ ಎದ್ದ ಕೆಸರು. ಭಾವ ಸೇತುವೆಯ ಬದಿಯಲ್ಲಿ ನಿಂತು ಆ ಗೆರೆಯನ್ನು ಕಣ್ಣಿನಲ್ಲೇ ಮೇಲಕ್ಕೆ ಹಿಂಬಾಲಿಸಿದರು.

ಶನಿವಾರ: ಹಿಂದಿರುಗುವ ದಾರಿ

ಹೋಲ್‌ಬ್ರೂಕ್ ಬಿಡುವ ಮುಂಚೆ ರಸ್ತೆಬದಿಯ ಖಾಲಿ ಜಾಗದಲ್ಲಿ ನವಾಹೊ ಎಂಬ ಮೂಲನಿವಾಸಿ ಸಮುದಾಯದ ಮಹಿಳೆಯೊಬ್ಬರು ಬಾಣಲೆ ಇಟ್ಟು ಫ್ರೈಬ್ರೆಡ್ ಕರಿಯುತ್ತಿದ್ದರು. ಹಿಟ್ಟನ್ನು ಕೈಯಿಂದ ಕೈಗೆ ತಟ್ಟಿ ಅಗಲ ಮಾಡಿ ಎಣ್ಣೆಗೆ ಬಿಟ್ಟರೆ ಉಬ್ಬಿ ತೇಲುತ್ತದೆ. ಬಾಳೆಹಣ್ಣಿಲ್ಲದ ನಮ್ಮ ಬನ್ಸ್‌ನಂತೆಯೇ. ಜೇನು ಸವರಿ ಕೊಟ್ಟರು. ಎಣ್ಣೆ ಯಾವುದೆಂದು ಕೇಳಿದೆವು, ಸಸ್ಯಜನ್ಯ ಎಣ್ಣೆ ಎಂದರು. ತಿಂದು ಇನ್ನೊಂದು ಬೇಕೆಂದ ನನ್ನ ಹೆಂಡತಿಯನ್ನು ಅವರು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು ಹೇಳಿದರು: ಇದು ನಮ್ಮ ಹಳೆಯ ತಿಂಡಿಯಲ್ಲ. 1864ರಲ್ಲಿ ಸೈನ್ಯ ನಮ್ಮವರನ್ನು ಊರು ಬಿಡಿಸಿ ನೂರಾರು ಮೈಲಿ ನಡೆಸಿಕೊಂಡು ಹೋಯಿತು. ಜೋಳ ಬೆಳೆಯುವ ನೆಲ ಹೋಯಿತು. ಸರಕಾರ ಕೊಟ್ಟ ಮೈದಾ, ಕೊಬ್ಬು, ಉಪ್ಪಿನಿಂದ ಅಜ್ಜಿಯಂದಿರು ಇದನ್ನು ಮಾಡಲು ಕಲಿತರು. 1868ರಲ್ಲಿ ಮರಳಿ ಬಂದಾಗ ಇದೂ ಜೊತೆಗೆ ಬಂತು. ಹೇಳುವಾಗಲೂ ಅವರ ಕೈ ಹಿಟ್ಟು ತಟ್ಟುತ್ತಲೇ ಇತ್ತು. ನನ್ನ ಹೆಂಡತಿಗೆ ಎರಡನೆಯದನ್ನು ತಿನ್ನಲು ಸ್ವಲ್ಪ ಹೊತ್ತು ಬೇಕಾಯಿತು.

ಅವರ ಕೈಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಿತ್ತು. ಅರಿಝೋನಾ ಬೇಸಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲ, ನವಾಹೊ ನಾಡು ಬದಲಿಸುತ್ತದೆ, ನವೆಂಬರ್ ಆರಂಭದವರೆಗೂ ಈ ಅಂತರ ಇರುತ್ತದೆ. ಅತ್ತ ಕಡೆ ಹೋಗುವವರು ಭೇಟಿಯ ವೇಳೆ ಗೊತ್ತುಮಾಡುವಾಗ ಯಾರ ಗಡಿಯಾರದ ಪ್ರಕಾರ ಎಂದು ಕೇಳಿಕೊಳ್ಳಬೇಕು.

ಮಳೆಗಾಲದಲ್ಲಿ ಗುಡ್ಡ ಹೇಗಿರುತ್ತದೆ ಎಂದು ಭಾವ ಅವರನ್ನು ಕೇಳಿಸಿದರು. ಜುಲೈ ಕೊನೆಗೆ ಬನ್ನಿ, ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟುತ್ತದೆ, ಒಣ ಹಳ್ಳದಲ್ಲಿ ಕೆಂಪು ನೀರು ಗೋಡೆಯಂತೆ ಬರುತ್ತದೆ, ಎತ್ತರದಲ್ಲಿ ನಿಂತು ನೋಡಬೇಕು, ಹಳ್ಳದೊಳಗೆ ಮಾತ್ರ ಇಳಿಯಬಾರದು ಎಂದರು. ಘಟ್ಟ ಇಳಿದು ಮತ್ತೆ ಸಗುವಾರೊಗಳು ಕಾಣಿಸುವವರೆಗೂ ಕಾರಿನಲ್ಲಿ ಅದೇ ಚರ್ಚೆ. ಜುಲೈಯಲ್ಲಿ ಬರುವುದಾದರೆ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ನಡೆಯುವುದನ್ನೆಲ್ಲ ಮುಗಿಸಬೇಕು, ಮಧ್ಯಾಹ್ನ ಪೇಂಟೆಡ್ ಡೆಸರ್ಟ್ ಇನ್‌ನ ದಪ್ಪ ಗೋಡೆಯೊಳಗೆ ಕೂರಬೇಕು, ಮೋಡ ಕಟ್ಟಿದ ಮೇಲೆ ಕಚೀನಾ ಪಾಯಿಂಟಿನ ಕಟ್ಟೆಯ ಮೇಲಿರಬೇಕು, ಸಿಡಿಲು ಶುರುವಾದರೆ ಕಾರಿನೊಳಗೆ. ಹೋಲ್‌ಬ್ರೂಕಿನಲ್ಲಿ ಕೋಣೆ ಹಳಿಗೆ ಬೆನ್ನು ಹಾಕಿದ್ದೇ ಇರಲಿ ಎಂದು ನನ್ನ ಹೆಂಡತಿ ಸೇರಿಸಿದಳು. ಭಾವ ಸೊಸೆಯ ಮೊಬೈಲಿನಲ್ಲಿ ಆಗಲೇ ಮುಂದಿನ ಜುಲೈಯ ಪಂಚಾಂಗ ತೆಗೆಸಿ, ಆಟಿ ಅಮಾವಾಸ್ಯೆ ಯಾವತ್ತು ಬರುತ್ತದೆ, ಅದು ಮುಗಿದ ಮೇಲೆ ಹೊರಡಬಹುದೇ ಎಂದು ಲೆಕ್ಕ ಹಾಕಲು ತೊಡಗಿದ್ದರು.